1954ರ ಗೊಜಿರಾ ಬ್ಲೂ-ರೇ: ರಾತ್ರಿ ದೃಶ್ಯ ಪೂರ್ತಿ ಕಪ್ಪು, ಮೈತುಂಬಾ ಗೀರು. ತಪ್ಪು ಡಿಸ್ಕಿನದೋ ಟಿವಿಯದೋ?

ಹಳೇರೀಲು
ಇಶಿರೋ ಹೊಂಡಾ ನಿರ್ದೇಶನದ ಗೊಜಿರಾ (ಇಂಗ್ಲಿಷಿನ ಗಾಡ್ಜಿಲ್ಲಾ, ದೈತ್ಯ ಪ್ರಾಣಿ ಟೋಕಿಯೋ ಮೇಲೆರಗುವ ಚಿತ್ರ) ಮತ್ತೆ ನೋಡೋಣ ಅಂತ ಬ್ಲೂ-ರೇ ಹಾಕಿದ್ದು. ಜಪಾನಿ ಮೂಲ, 96 ನಿಮಿಷದ್ದು. ಹಿಂದೆ ಡಿವಿಡಿಯಲ್ಲಿ ನೋಡಿದ್ದಕ್ಕಿಂತ ಚೆನ್ನಾಗಿರಬೇಕಿತ್ತು. ಆದರೆ ನಾಲ್ಕು ತಕರಾರು ಇವೆ, ತಿಳಿದವರು ಹೇಳಿ.

ಟೋಕಿಯೋ ಮೇಲಿನ ರಾತ್ರಿ ದಾಳಿಯಲ್ಲಿ ಕಪ್ಪು ಎಲ್ಲ ಒಂದೇ ಮುದ್ದೆ. ಗೊಜಿರಾನ ಮೈಮೇಲಿನ ಸುಕ್ಕುಗಳೇ ಕಾಣಲ್ಲ. ಅವನು ಮತ್ತು ಜನ ಒಂದೇ ಚೌಕಟ್ಟಿಗೆ ಬಂದಾಗೆಲ್ಲ ಉದ್ದುದ್ದ ಗೀರು, ಧೂಳಿನ ಚುಕ್ಕಿ. ಮನೆಯೊಳಗಿನ ಮಾತುಕತೆಯ ದೃಶ್ಯಗಳಲ್ಲಿ ಅಷ್ಟಿಲ್ಲ. ಪರದೆಯ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ. ಸದ್ದು ಮಧ್ಯದ ಸ್ಪೀಕರ್‌ನಿಂದ ಮಾತ್ರ ಬರುತ್ತಿದೆ.

ಡಿಸ್ಕೇ ಕೆಟ್ಟದ್ದಾ? ಇನ್ನೂ ಹೆಚ್ಚು ವಿವರದ 4ಕೆ ಡಿಸ್ಕ್ ತಗೊಂಡರೆ ಇದೆಲ್ಲ ಸರಿಹೋಗುತ್ತಾ?

ಕಪ್ಪುಬಿಳುಪು
ನಾಲ್ಕರಲ್ಲಿ ಎರಡು ತಕರಾರೇ ಅಲ್ಲ, ಒಂದು ಚಿತ್ರದ ಜೊತೆಗೇ ಹುಟ್ಟಿದ್ದು, ಒಂದು ಮಾತ್ರ ನಿಮ್ಮ ಟಿವಿಯ ಸೆಟ್ಟಿಂಗ್.

ಪಕ್ಕದ ಪಟ್ಟಿ ಇರಲೇಬೇಕು. ಚಿತ್ರ ತೆಗೆದದ್ದೇ 1.37:1 ಅಳತೆಯಲ್ಲಿ. 1080 ಸಾಲಿನ ಪರದೆಯಲ್ಲಿ ಅದು ಸುಮಾರು 1480 ಪಿಕ್ಸೆಲ್ ಅಗಲ ಬರುತ್ತೆ, ಉಳಿದ 440 ಎರಡು ಪಕ್ಕಕ್ಕೆ 220ರಂತೆ ಹಂಚಿಹೋಗುತ್ತೆ. ಟಿವಿಯ ಜೂಮ್ ಒತ್ತಿದರೆ ಮೇಲೆ ಕೆಳಗೆ ಸೇರಿ ಎತ್ತರದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕತ್ತರಿಸಿಹೋಗುತ್ತೆ. ಗೊಜಿರಾನ ತಲೆಯೋ, ಕಾಲಡಿಯ ರೈಲೋ, ಎರಡರಲ್ಲೊಂದು ಕಳಕೊಳ್ಳುತ್ತೀರಿ.

ಸದ್ದೂ ಅಷ್ಟೇ. ಮೂಲ ಧ್ವನಿ ಮೋನೋ, ಅಂದರೆ ಒಂದೇ ವಾಹಿನಿ. ಅದು 1.0 (ಒಂದೇ ವಾಹಿನಿ) ಆಗಿ ಡಿಸ್ಕಿನಲ್ಲಿದ್ದರೆ ರಿಸೀವರ್ (ಸ್ಪೀಕರ್‌ಗಳಿಗೆ ಸದ್ದು ಹಂಚುವ ಪೆಟ್ಟಿಗೆ) ಮಧ್ಯದ ಸ್ಪೀಕರ್‌ಗೆ ಮಾತ್ರ ಕಳಿಸುತ್ತೆ. ಅದೇ ಸರಿಯಾದ ದಾರಿ.

ಗುಡುಗುಪೆಟ್ಟಿಗೆ
ಸದ್ದಿನ ಬಗ್ಗೆ ಒಂದು ತಿದ್ದುಪಡಿ. ಮಧ್ಯದ ಸ್ಪೀಕರ್ ದೊಡ್ಡದಿದ್ದರೆ ಮಾತ್ರ ನಿಮ್ಮ ಮಾತು ಸರಿ. ಬಹಳಷ್ಟು ಮನೆ ಸೆಟ್‌ಗಳಲ್ಲಿ ಮಧ್ಯದ್ದು ಅಂಗೈ ಅಗಲದ ಪೆಟ್ಟಿಗೆ, ಅಕಿರಾ ಇಫುಕುಬೆಯ ಸಂಗೀತದ ತಗ್ಗಿನ ಸ್ವರಗಳನ್ನು ಅದು ಹೊರಲಾರದು. ಹಾಗಿದ್ದಾಗ ರಿಸೀವರ್‌ನಲ್ಲಿ ಸ್ಟೀರಿಯೋ ಮೋಡ್ ಹಾಕಿ. ಒಂದೇ ಸದ್ದು ಎಡ ಬಲ ಎರಡರಲ್ಲೂ ಸಮನಾಗಿ ಬಂದು, ನಡುವೆ ಕೂತವರಿಗೆ ಪರದೆಯ ಮಧ್ಯದಿಂದಲೇ ಕೇಳಿಸುತ್ತೆ. ದೊಡ್ಡ ಸ್ಪೀಕರ್ ಎರಡು ಇರುವುದರಿಂದ ತಗ್ಗಿನ ಸ್ವರಕ್ಕೆ ಜೀವ ಬರುತ್ತೆ.

ಮಾಡಬಾರದ್ದು: 'ಹಾಲ್', 'ಸ್ಟೇಡಿಯಂ', 'ಸರೌಂಡ್ ಅಪ್‌ಮಿಕ್ಸ್'. ಇವು ಮೋನೋಗೆ ಸುಳ್ಳು ಪ್ರತಿಧ್ವನಿ ಸೇರಿಸುತ್ತವೆ, ಮಾತು ತೊಳೆದಂತಾಗುತ್ತೆ. ನೈಟ್ ಮೋಡ್, ವಾಲ್ಯೂಮ್ ಲೆವೆಲಿಂಗ್ ಎರಡನ್ನೂ ಆರಿಸಿ. ಟೈಟಲ್ ಶುರುವಾಗುವಾಗ ಬರುವ ಗೊಜಿರಾನ ಹೆಜ್ಜೆ ಸದ್ದು, ಕೂಗು, ಆಮೇಲಿನ ಮಾತು ಇವುಗಳ ನಡುವಿನ ಏರಿಳಿತವನ್ನು ಆ ಸೆಟ್ಟಿಂಗ್‌ಗಳು ಚಪ್ಪಟೆ ಮಾಡಿಬಿಡುತ್ತವೆ.

ಸಣ್ಣ ಹಿಸ್ ಕೇಳಿಸಿದರೆ ಬಿಡಿ. ಆ ಕಾಲದ ಆಪ್ಟಿಕಲ್ ಧ್ವನಿಪಟ್ಟಿಯಲ್ಲಿ (ಫಿಲ್ಮಿನ ಅಂಚಿನಲ್ಲಿ ಚಿತ್ರದಂತೆ ಅಚ್ಚಾದ ಸದ್ದು) ಮೇಲಿನ ಸ್ವರಗಳು ಕಡಿಮೆ. ಟ್ರೆಬಲ್ ಏರಿಸಿದರೆ ಹಿಸ್ ಮಾತ್ರ ಏರುತ್ತೆ, ಮಾತು ಸ್ಪಷ್ಟವಾಗಲ್ಲ.

ಬಿಳಿಗೆರೆ
ಆ ಕೂಗು ಯಾವ ಪ್ರಾಣಿಯದ್ದು ಅಂತ ಯಾರಿಗಾದರೂ ಗೊತ್ತಾ?

ಗುಡುಗುಪೆಟ್ಟಿಗೆ
ಪ್ರಾಣಿಯದ್ದಲ್ಲ. ಡಬಲ್ ಬಾಸ್ ವಾದ್ಯದ ತಂತಿ ಸಡಿಲ ಮಾಡಿ, ರಾಳ ಸವರಿದ ಚರ್ಮದ ಕೈಗವಸಿನಿಂದ ಅದನ್ನು ಎಳೆದುಜ್ಜಿ ಧ್ವನಿಮುದ್ರಿಸಿ, ಟೇಪಿನ ವೇಗ ಬದಲಿಸಿದ್ದು. ಪ್ರಾಣಿಗಳ ಕೂಗನ್ನೂ ಪ್ರಯತ್ನಿಸಿ ಕೈಬಿಟ್ಟಿದ್ದರು. ಇಫುಕುಬೆ ಸಂಗೀತದ ಜೊತೆಗೆ ಇದರಲ್ಲೂ ಕೈಯಾಡಿಸಿದ್ದರು. ಹೆಡ್‌ಫೋನ್ ಹಾಕಿ ಕೇಳಿ, ಕೂಗಿನ ಮೊದಲ ಅರ್ಧ ಸೆಕೆಂಡಿನಲ್ಲಿ ರಾಳ ತಂತಿಗೆ ಕಚ್ಚಿ ಬಿಡುವ ಒರಟುತನ ಗೊತ್ತಾಗುತ್ತೆ.

ಸಿಗ್ನಲ್ ಸಿದ್ದ
ಮುಖ್ಯ ತೊಂದರೆಗೆ ಬನ್ನಿ. ಕಪ್ಪು ಮುದ್ದೆಯಾಗೋದು ನೂರಕ್ಕೆ ತೊಂಬತ್ತು ಸಲ ಎಚ್‌ಡಿಎಂಐ ರೇಂಜ್ ಹೊಂದದೆ ಇರೋದರಿಂದ.

ವಿಡಿಯೋ ಡಿಸ್ಕಿನಲ್ಲಿ ಕಪ್ಪು ಅಂದರೆ 16, ಬಿಳಿ ಅಂದರೆ 235, ಇದು 'ಲಿಮಿಟೆಡ್' ರೇಂಜ್. ಕಂಪ್ಯೂಟರ್ ಲೆಕ್ಕದಲ್ಲಿ 0ರಿಂದ 255, ಇದು 'ಫುಲ್'. ಪ್ಲೇಯರ್ 'ಫುಲ್' ಕಳಿಸಿ ಟಿವಿ 'ಲಿಮಿಟೆಡ್' ಅಂದುಕೊಂಡರೆ 16ಕ್ಕಿಂತ ಕೆಳಗಿನ ಎಲ್ಲ ಹಂತಗಳೂ ಒಂದೇ ಕಪ್ಪಾಗಿ ಮುಳುಗುತ್ತವೆ. ಗೊಜಿರಾನ ಚರ್ಮದ ಸುಕ್ಕು, ಟೋಕಿಯೋದ ಗಿಂಜಾ ರಸ್ತೆಯ ಹಿಂದಿನ ಕಟ್ಟಡಗಳು ಎಲ್ಲ ಇರೋದೇ ಆ ತಳದ ಹಂತಗಳಲ್ಲಿ. ಉಲ್ಟಾ ಆದರೆ, ಅಂದರೆ ಪ್ಲೇಯರ್ ಲಿಮಿಟೆಡ್, ಟಿವಿ ಫುಲ್, ಆಗ ಕಪ್ಪೆಲ್ಲ ಬೂದು.

ಹೀಗೆ ಮಾಡಿ:
ಪ್ಲೇಯರ್ ಮೆನುವಿನಲ್ಲಿ ವಿಡಿಯೋ ಔಟ್‌ಪುಟ್ 'ವೈಸಿಬಿಸಿಆರ್' ಇಡಿ, ಆರ್‌ಜಿಬಿ ಬೇಡ. ಆರ್‌ಜಿಬಿ ಬಿಟ್ಟು ಬೇರೆ ಆಯ್ಕೆ ಇಲ್ಲದಿದ್ದರೆ ಅದರಲ್ಲೇ 'ಲಿಮಿಟೆಡ್' ಆರಿಸಿ. ಟಿವಿಯಲ್ಲಿ 'ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್' ಅಂತಿದ್ದರೆ ಆಟೋ, ಆಟೋ ಕೆಲಸ ಮಾಡದಿದ್ದರೆ 'ಲೋ'. ನಂತರ ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್. ಡೈನಾಮಿಕ್ ಕಾಂಟ್ರಾಸ್ಟ್, ಪವರ್ ಸೇವಿಂಗ್, ಕೋಣೆಯ ಬೆಳಕಿನ ಸೆನ್ಸರ್ ಮೂರೂ ಆಫ್. ಗಾಮಾ (ನಡುವಣ ಛಾಯೆಗಳ ಹೊಳಪು) ಕತ್ತಲೆ ಕೋಣೆಗೆ 2.4, ದೀಪ ಉರಿಯುತ್ತಿದ್ದರೆ 2.2.

ಬ್ರೈಟ್‌ನೆಸ್ ಏರಿಸಿ ಸರಿಮಾಡಲು ಹೋಗಬೇಡಿ. ಸಿಗ್ನಲ್‌ನಲ್ಲೇ ಕತ್ತರಿಸಿಹೋದ ವಿವರ ಅದರಿಂದ ವಾಪಸ್ ಬರಲ್ಲ, ಕಪ್ಪು ಬೂದಾಗುತ್ತೆ ಅಷ್ಟೇ.

ಹಳೇರೀಲು
ಪ್ಲೇಯರ್ ಆರ್‌ಜಿಬಿ ಫುಲ್‌ನಲ್ಲಿತ್ತು! ಬದಲಿಸಿದ ಕೂಡಲೇ ಬೆನ್ನಿನ ಮುಳ್ಳುಗಳ ಅಂಚು, ಕತ್ತಿನ ಸುಕ್ಕು ಕಾಣಿಸ್ತು. ತುಂಬಾ ಉಪಕಾರವಾಯ್ತು ಸಿದ್ದಣ್ಣ. ಆದರೆ ಚಿತ್ರಕ್ಕೆ ಸ್ವಲ್ಪ ನೀಲಿ ಛಾಯೆ ಇದೆಯಲ್ಲ?

ಸಿಗ್ನಲ್ ಸಿದ್ದ
ಕಲರ್ ಟೆಂಪರೇಚರ್ 'ಕೂಲ್' ಇರಬೇಕು. 'ವಾರ್ಮ್ 2' ಮಾಡಿ, 6500 ಕೆಲ್ವಿನ್‌ಗೆ ಹತ್ತಿರದ್ದು ಅದೇ. ಕೆಲಹೊತ್ತು ಹಳದಿ ಅನ್ನಿಸುತ್ತೆ, ಆಮೇಲೆ ಕಣ್ಣು ಹೊಂದಿಕೊಳ್ಳುತ್ತೆ. ಬಣ್ಣದ ಚಿತ್ರದಲ್ಲಿ ಈ ದೋಷ ಅಡಗಿರುತ್ತೆ, ಕಪ್ಪು-ಬಿಳುಪಿನಲ್ಲಿ ಅಡಗೋಕೆ ಜಾಗವಿಲ್ಲ.

ಶಾರ್ಪ್‌ನೆಸ್ ಕೂಡ ನೋಡಿ. ಕೆಲವು ಟಿವಿಯಲ್ಲಿ ತಟಸ್ಥ ಅಂದರೆ 0, ಕೆಲವಕ್ಕೆ ನಡುವಿನ ಅಂಕೆ. ಟೈಟಲ್ ಅಕ್ಷರಗಳ ಸುತ್ತ ತೆಳು ಬಿಳಿ ಗೆರೆ ಕಂಡರೆ ಜಾಸ್ತಿ ಅಂತ ಅರ್ಥ. ಗೆರೆ ಮಾಯವಾಗುವವರೆಗೆ ಇಳಿಸಿ.

ಕರಾವಳಿ ಕಣ್ಣು
ಮೋಶನ್ ಸ್ಮೂತಿಂಗ್ ಆಫ್ ಮಾಡಲು ಯಾರೂ ಹೇಳಲೇ ಇಲ್ಲವಲ್ಲ ಮಾರಾಯ್ರೆ! ಈ ಚಿತ್ರಕ್ಕೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ.

ಕಾರಣ ಲೆಕ್ಕದಲ್ಲೇ ಇದೆ. ಗೊಜಿರಾನ ಎತ್ತರ 50 ಮೀಟರ್ ಅಂತ ಕತೆ. ಒಳಗೆ ನಟ ನಿಂತು ನಡೆಸಿದ ಪೋಷಾಕು ಸುಮಾರು 2 ಮೀಟರ್, ಹಾಗಾಗಿ ಊರಿನ ಮಾದರಿಗಳು 1/25 ಅಳತೆ. 50 ಮೀಟರ್ ಎತ್ತರದಿಂದ ಕಲ್ಲು ಬಿದ್ದರೆ ನೆಲ ಮುಟ್ಟಲು 3.2 ಸೆಕೆಂಡ್ ಬೇಕು. 2 ಮೀಟರ್‌ನಿಂದ ಬಿದ್ದರೆ 0.64 ಸೆಕೆಂಡ್ ಸಾಕು. ಅಂದರೆ ಐದು ಪಟ್ಟು ವ್ಯತ್ಯಾಸ, 25ರ ವರ್ಗಮೂಲ. ಮಾದರಿ ಕಟ್ಟಡ ನಿಜದ ಭಾರದಿಂದ ಬಿದ್ದಂತೆ ಕಾಣಬೇಕಾದರೆ ಕ್ಯಾಮೆರಾ ವೇಗ ಏರಿಸಿ ತೆಗೆದು, ಸೆಕೆಂಡಿಗೆ 24 ಚೌಕಟ್ಟಿನಲ್ಲಿ ತೋರಿಸಬೇಕು. ವಿಶೇಷ ದೃಶ್ಯಗಳನ್ನು ನೋಡಿಕೊಂಡ ಐಜಿ ತ್ಸುಬುರಾಯಾ ತಂಡ ಮಾಡಿದ್ದು ಅದನ್ನೇ. ಪೂರ್ತಿ ಲೆಕ್ಕಕ್ಕೆ ಹೋದರೆ 120 ಚೌಕಟ್ಟು ಬೇಕು.

ಈಗ ನಿಮ್ಮ ಟಿವಿ ಆ 24ರ ನಡುವೆ ತಾನೇ ಹುಟ್ಟಿಸಿದ ಚೌಕಟ್ಟು ತುರುಕಿದರೆ ಏನಾಗುತ್ತೆ? ಚಲನೆ ಜಾರಿದಂತಾಗಿ ಭಾರವೆಲ್ಲ ಹೋಗಿ ಆಟಿಕೆ ಕಾಣಿಸುತ್ತೆ. ಜನ "ಅಯ್ಯೋ ರಬ್ಬರ್ ಗೊಂಬೆ" ಅನ್ನೋದರಲ್ಲಿ ಅರ್ಧ ತಪ್ಪು ಈ ಸೆಟ್ಟಿಂಗಿನದ್ದು.

ಪ್ಲೇಯರ್‌ನಲ್ಲಿ 24ಪಿ (ಸೆಕೆಂಡಿಗೆ 24 ಚೌಕಟ್ಟು) ಔಟ್‌ಪುಟ್ ಆನ್ ಇರಲಿ. 120 ಹರ್ಟ್ಸ್ ಟಿವಿಯಾದರೆ ಪ್ರತಿ ಚೌಕಟ್ಟು ಸಮನಾಗಿ ಐದು ಸಲ ಬರುತ್ತೆ. ಸಾದಾ 60 ಹರ್ಟ್ಸ್ ಟಿವಿಯಲ್ಲಿ ಒಂದು ಚೌಕಟ್ಟು ಮೂರು ಸಲ, ಮುಂದಿನದು ಎರಡು ಸಲ, ಹೀಗಾಗಿ ಕ್ಯಾಮೆರಾ ನಿಧಾನ ತಿರುಗುವಾಗ ಸಣ್ಣ ಕುಲುಕು ಕಾಣುತ್ತೆ. ಅದನ್ನು ಸಹಿಸಿಕೊಳ್ಳಿ, ಸ್ಮೂತಿಂಗ್ ಮಾತ್ರ ಬೇಡ.

ಬಿಳಿಗೆರೆ
120 ಚೌಕಟ್ಟಿಗೆ ಬೆಳಕು ಎಲ್ಲಿಂದ ತರ್ತಾರೆ?

ಕರಾವಳಿ ಕಣ್ಣು
ಅದೇ ಕಷ್ಟ. ವೇಗ ಐದು ಪಟ್ಟಾದರೆ ಪ್ರತಿ ಚೌಕಟ್ಟಿಗೆ ಬೀಳುವ ಬೆಳಕು ಐದನೇ ಒಂದು. ಅದರ ಮೇಲೆ ಮಾದರಿ ಪುಟ್ಟದು, ಕ್ಯಾಮೆರಾ ಹತ್ತಿರ. ಹತ್ತಿರದ ಕಂಬ, ದೂರದ ಕಟ್ಟಡ ಎರಡೂ ಚೊಕ್ಕ ಕಾಣಬೇಕಾದರೆ ಲೆನ್ಸಿನ ಕಿಂಡಿ ಕಿರಿದು ಮಾಡಬೇಕು, ಮತ್ತಷ್ಟು ಬೆಳಕು ಬೇಕು. ಅಷ್ಟೂ ದೀಪಗಳ ಶಾಖ ಪೋಷಾಕಿನೊಳಗಿದ್ದವನ ಮೇಲೆ. ಹರುವೊ ನಕಾಜಿಮಾ ಒಳಗಿದ್ದು ನಡೆಯಬಹುದಾಗಿದ್ದದ್ದು ಒಂದು ಸಲಕ್ಕೆ ಕೆಲವೇ ನಿಮಿಷ. ಮೊದಲು ಮಾಡಿದ ಪೋಷಾಕು ಸುಮಾರು 100 ಕಿಲೋ ಇತ್ತು, ಅದರಲ್ಲಿ ನಡೆಯಲೇ ಆಗಲಿಲ್ಲ. ಅದನ್ನು ಕತ್ತರಿಸಿ ಕಾಲಿನ ಭಾಗವನ್ನು ಹೆಜ್ಜೆ ತೋರಿಸುವ ಚಿತ್ರಿಕೆಗಳಿಗೆ (ಶಾಟ್‌ಗಳಿಗೆ) ಬಳಸಿದರು. ಕತ್ಸುಮಿ ತೆಜುಕಾ ಕೂಡ ಪೋಷಾಕು ಹಾಕಿದವರೇ, ಅವರ ಹೆಸರು ಯಾರೂ ಹೇಳಲ್ಲ.

ಕತೆಯಲ್ಲಿ ಬರುವ ಓಡೋ ದ್ವೀಪದ ಗುಡ್ಡದ ಮೇಲಿಂದ ಗೊಜಿರಾ ಮೊದಲ ಸಲ ತಲೆ ಎತ್ತುತ್ತಾನಲ್ಲ, ಅದು ಪೋಷಾಕಲ್ಲ, ಕೈಗೊಂಬೆ. ಬ್ಲೂ-ರೇಯಲ್ಲಿ ಮುಖದ ಆಕಾರವೇ ಬೇರೆ ಅಂತ ತಕ್ಷಣ ಗೊತ್ತಾಗುತ್ತೆ.

ಗದಗಿನ ಗ್ರೇನ್
ಗೀರಿನ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ ನೋಡ್ರಿ. ಅದನ್ನ ತಿಳಕೊಂಡರ 4ಕೆ ಪ್ರಶ್ನೆಗೂ ಉತ್ತರ ಸಿಗ್ತದ.

ಜನ ಓಡೋದು ಒಂದು ಫಿಲ್ಮು, ಗೊಜಿರಾ ನಡೆಯೋದು ಇನ್ನೊಂದು ಫಿಲ್ಮು. ಎರಡನ್ನೂ ಕೂಡಿಸಬೇಕಂದ್ರ ಆಗ ಕಂಪ್ಯೂಟರ್ ಇರಲಿಲ್ಲ. ಒಂದು ಭಾಗ ಮುಚ್ಚಿ ಇನ್ನೊಂದು ಭಾಗ ತೆಗಿಬೇಕು, ಮತ್ತ ಫಿಲ್ಮು ಹಿಂದಕ್ಕ ಸುತ್ತಿ ಮುಚ್ಚಿದ ಭಾಗ ತೆಗಿಬೇಕು. ಇಲ್ಲಾಂದ್ರ ಆಪ್ಟಿಕಲ್ ಪ್ರಿಂಟರಿನ್ಯಾಗ ಎರಡೂ ತುಣುಕು ಮೂರನೇ ಫಿಲ್ಮಿಗೆ ಇಳಿಸಬೇಕು. ಪ್ರತಿ ಸಲ ಯಂತ್ರದ ಒಳಗ ಹೋದಾಗ ಧೂಳು, ಗೀರು. ಮುಂದಿನ ಫಿಲ್ಮಿಗೆ ಇಳಿಸುವಾಗ ಆ ಗೀರು ಚಿತ್ರದ ಭಾಗ ಆಗಿಬಿಡ್ತದ. 1954ರ ನವೆಂಬರ್ 3ಕ್ಕೆ ಚಿತ್ರ ಜಪಾನಿನ ತುಂಬ ತೆರೆಕಂಡಾಗನೂ ಈ ಗೀರುಗಳಲ್ಲಿ ಭಾಳಷ್ಟು ಇದ್ದವು.

ಇನ್ನೊಂದು ಗಮನಿಸ್ರಿ. ಒಂದು ದೃಶ್ಯ ಕರಗಿ ಇನ್ನೊಂದು ಮೂಡ್ತದಲ್ಲ, ಅಲ್ಲೂ ಚಿತ್ರ ಥಟ್ಟನೆ ಮಂಕಾಗಿ ಫಿಲ್ಮಿನ ಕಾಳು (ಗ್ರೇನ್) ದಪ್ಪ ಆಗ್ತದ, ಕರಗೋದು ಮುಗಿದ ಮ್ಯಾಲೆ ಥಟ್ಟನೆ ಚೊಕ್ಕ ಆಗ್ತದ. ಕಾರಣ ಅದ, ಆ ತುಂಡು ಮಾತ್ರ ಒಂದು ತಲೆಮಾರು ಕೆಳಗಿನ ನಕಲು. ಡಿಸ್ಕ್ ಕೆಟ್ಟದಂತ ವಾಪಸ್ ಕಳಿಸಬ್ಯಾಡ್ರಿ.

4ಕೆ ಇಂಥ ಜೋಡಿಸಿದ ಚಿತ್ರಿಕೆಗಳಿಗೆ ಹೊಸ ವಿವರ ಕೊಡಂಗಿಲ್ಲ. ನೇರ ತೆಗೆದ ದೃಶ್ಯಗಳಿಗೆ ಖಂಡಿತ ಕೊಡ್ತದ. ಕತೆಯ ವಿಜ್ಞಾನಿ ಡಾಕ್ಟರ್ ಯಮಾನೆ ಮನಿಯೊಳಗಿನ ದೃಶ್ಯಗಳು, ಇನ್ನೊಬ್ಬ ವಿಜ್ಞಾನಿ ಸೆರಿಜಾವಾನ ಪ್ರಯೋಗಶಾಲೆ, ಯಮಾನೆ ಪಾತ್ರದ ತಕಾಶಿ ಶಿಮುರಾ ಮುಖದ ಕ್ಲೋಸಪ್ಪು, ಇವು.

ರಿಪೇರಿ ರಂಗ
ಪೂರ್ತಿ ಒಪ್ಪಲ್ಲ. ಮೊದಲ ದಿನವೇ ಇದ್ದ ಗೀರು ಬೇರೆ, ಎಪ್ಪತ್ತು ವರ್ಷದಲ್ಲಿ ಪ್ರಿಂಟು ಓಡಿಸಿ ಓಡಿಸಿ ಬಿದ್ದ ಗೀರು ಬೇರೆ. ಎರಡನೆಯದನ್ನು ತೆಗೆಯಲೇಬೇಕು. "ಎಲ್ಲ ಚಿತ್ರದ ಭಾಗ" ಅಂತ ಹೇಳಿ ಸೋಮಾರಿ ರಿಸ್ಟೋರೇಷನ್‌ಗೆ ರಕ್ಷಣೆ ಕೊಡಬೇಡಿ.

ಗದಗಿನ ಗ್ರೇನ್
ಸರಿ, ಹೆಂಗ ಬೇರೆ ಮಾಡ್ತೀರಿ ಹೇಳ್ರಿ?

ರಿಪೇರಿ ರಂಗ
ಜೋಡಿಸಿದ ಚಿತ್ರಿಕೆಯಲ್ಲಿ ಗೀರು ಒಂದೇ ಅಂಶದ ಮೇಲಿದ್ದು ಇನ್ನೊಂದರ ಗಡಿಯಲ್ಲಿ ಥಟ್ಟನೆ ನಿಂತರೆ, ಜೋಡಿಸುವ ಮೊದಲೇ ಬಿದ್ದದ್ದು. ಉದಾಹರಣೆಗೆ ಗೊಜಿರಾ ಇರುವ ಮೇಲಿನ ಅರ್ಧದಲ್ಲಿ ಗೆರೆ ಇದೆ, ಓಡುವ ಜನರಿರುವ ಕೆಳಗಿನ ಅರ್ಧದಲ್ಲಿ ಇಲ್ಲ. ಚೌಕಟ್ಟಿನ ಮೇಲಂಚಿನಿಂದ ಕೆಳಗಂಚಿನವರೆಗೆ ಎರಡೂ ಅಂಶ ದಾಟಿ ಹೋದರೆ ಜೋಡಿಸಿದ ಮೇಲೆ ಬಿದ್ದದ್ದು. ಆ ಚಿತ್ರಿಕೆ ಕತ್ತರಿಸಿದ ನಂತರವೂ ಮುಂದಿನ ಚಿತ್ರಿಕೆಯಲ್ಲಿ ಅದೇ ಜಾಗದಲ್ಲಿ ಮುಂದುವರಿದರೆ ಖಂಡಿತವಾಗಿ ನಂತರದ್ದು, ಏಕೆಂದರೆ ಎರಡು ಚಿತ್ರಿಕೆ ಜೊತೆಯಾದದ್ದೇ ಸಂಕಲನದಲ್ಲಿ.

ಗದಗಿನ ಗ್ರೇನ್
ಇದು ಭಾಳ ಚಲೋ ಪರೀಕ್ಷೆ. ಒಪ್ಪಿದೆ. ಆದ್ರ ವಿಮಾನದ ತಂತಿ? ಜೆಟ್ ವಿಮಾನಗಳು ಗೊಜಿರಾನ ಮ್ಯಾಲೆ ರಾಕೆಟ್ ಹಾರಿಸುವ ಕಡೆ ತಂತಿ ಕಾಣ್ತದ. ಅದನ್ನ ಅಳಿಸಬೇಕಂತೀರಾ?

ರಿಪೇರಿ ರಂಗ
ಇಲ್ಲ. ತಂತಿ ಕ್ಯಾಮೆರಾ ಮುಂದೆ ಇತ್ತು, ಅದು ಹಾನಿ ಅಲ್ಲ. ಹಾನಿ ಮಾತ್ರ ರಿಪೇರಿಯವನ ಕೆಲಸ.

ಕಪ್ಪುಬಿಳುಪು
ತಂತಿಗಳ ವಿಷಯದಲ್ಲಿ ನಾನು ರಂಗನ ಪರ. ಟಿವಿಯ ನಾಯ್ಸ್ ರಿಡಕ್ಷನ್ನೂ ಇದೇ ಪ್ರಶ್ನೆ. ಅದು ಗ್ರೇನ್ ಮತ್ತು ಧೂಳಿನ ವ್ಯತ್ಯಾಸ ತಿಳಿಯದೆ ಎರಡನ್ನೂ ಒರೆಸುತ್ತೆ, ಜೊತೆಗೆ ಮಳೆಯನ್ನೂ. ಓಡೋ ದ್ವೀಪದ ಬಿರುಗಾಳಿ ರಾತ್ರಿಯಲ್ಲಿ ನಾಯ್ಸ್ ರಿಡಕ್ಷನ್ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡಿ. ಹನಿಗಳೇ ಕಾಣೆಯಾಗುತ್ತವೆ.

ಮ್ಯೂನಿಕ್ ಮಲ್ಲಿಗೆ
ಯಾವ ಡಿಸ್ಕು ಅಂತ ಒಂದು ಪಟ್ಟಿ ಕೊಡುತ್ತೀರಾ? ಇಲ್ಲಿ ಯುರೋಪಿನಲ್ಲಿ ರೀಜನ್ ಬಿ ಪ್ಲೇಯರ್. ಅಮೆರಿಕದ ಡಿಸ್ಕು ಹಾಕಿದರೆ ಓಡಲ್ಲ.

ಡಬ್ಬಿ ದಾಸ್ತಾನು
ಮೇಡಂ, ರೀಜನ್ (ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡಬೇಕು ಅನ್ನುವ ಬೀಗ) ಮೊದಲು. ಬ್ಲೂ-ರೇಯಲ್ಲಿ ಅಮೆರಿಕ, ಜಪಾನ್ ಎರಡೂ 'ಎ'. ಯುರೋಪ್, ಆಸ್ಟ್ರೇಲಿಯಾ 'ಬಿ'. ಭಾರತ 'ಸಿ'. ಡಿವಿಡಿಯಲ್ಲಿ ಅಮೆರಿಕ 1, ಜಪಾನ್ ಮತ್ತು ಯುರೋಪ್ 2, ಭಾರತ 5. 4ಕೆ ಯುಎಚ್‌ಡಿ ಡಿಸ್ಕಿಗೆ ರೀಜನ್ ಬೀಗ ಇಲ್ಲ, ಎಲ್ಲಿ ಬೇಕಾದರೂ ಓಡುತ್ತೆ. ಆದರೆ ಡಬ್ಬಿಯಲ್ಲಿ ಜೊತೆಗಿರುವ ಬ್ಲೂ-ರೇಗೆ ಬೀಗ ಇರಬಹುದು. ಹೆಚ್ಚುವರಿ ಸಾಮಗ್ರಿ ಅದರಲ್ಲೇ ಇದ್ದರೆ ನಿಮಗೆ ಅದು ತೆರೆಯಲ್ಲ.

ಇನ್ನು ಆವೃತ್ತಿಗಳು. ಅಮೆರಿಕದಲ್ಲಿ 2006ರಲ್ಲಿ ಕ್ಲಾಸಿಕ್ ಮೀಡಿಯಾದ ಎರಡು ಡಿಸ್ಕಿನ ಡಿವಿಡಿ ಬಂತು, ಜಪಾನಿ ಮೂಲ ಒಂದರಲ್ಲಿ, 1956ರ ಅಮೆರಿಕನ್ ಆವೃತ್ತಿ ಇನ್ನೊಂದರಲ್ಲಿ. 2012ರ ಜನವರಿಯಲ್ಲಿ ಕ್ರೈಟೀರಿಯನ್ ಅನ್ನುವ ಡಿಸ್ಕ್ ಸಂಸ್ಥೆಯ ಬ್ಲೂ-ರೇ, ಅದರಲ್ಲೂ ಎರಡೂ ಆವೃತ್ತಿ ಇವೆ. ಎರಡಕ್ಕೂ ಡೇವಿಡ್ ಕಲಾಟ್ ವ್ಯಾಖ್ಯಾನ, ನಟ ಅಕಿರಾ ತಕರಾದಾ, ನಕಾಜಿಮಾ, ಇಫುಕುಬೆ ಸಂದರ್ಶನಗಳು. 2019ರಲ್ಲಿ ಕ್ರೈಟೀರಿಯನ್‌ನದೇ ಶೋವಾ ಕಾಲದ (ಚಕ್ರವರ್ತಿ ಹಿರೊಹಿತೊ ಆಳ್ವಿಕೆಯ) ಗೊಜಿರಾ ಪೆಟ್ಟಿಗೆ, 1954ರಿಂದ 1975ರವರೆಗಿನ 15 ಚಿತ್ರ, 8 ಡಿಸ್ಕು. ಕ್ರೈಟೀರಿಯನ್ ಕ್ರಮಸಂಖ್ಯೆ 1000 ಅದಕ್ಕೇ ಕೊಟ್ಟಿದ್ದು. 2024ರಲ್ಲಿ ಮೊದಲ ಚಿತ್ರದ 4ಕೆ.

ಜಪಾನಿನಲ್ಲಿ ಚಿತ್ರ ತಯಾರಿಸಿದ ತೋಹೋ ಸಂಸ್ಥೆಯೇ ಹೊರತರುವ ಡಿಸ್ಕುಗಳು ಸೊಗಸು, ಆದರೆ ಸಾಮಾನ್ಯವಾಗಿ ಇಂಗ್ಲಿಷ್ ಸಬ್‌ಟೈಟಲ್ ಇರಲ್ಲ. ಕೊಳ್ಳುವ ಮೊದಲು ಡಬ್ಬಿಯ ಹಿಂದೆ ಏನು ಬರೆದಿದೆ ನೋಡಿ.

ಒಂದೇ ಕೊಳ್ಳುವುದಾದರೆ: ದೊಡ್ಡ ಪರದೆ, 4ಕೆ ಪ್ಲೇಯರ್ ಇದ್ದವರಿಗೆ 4ಕೆ. 50 ಇಂಚಿಗಿಂತ ಚಿಕ್ಕ ಟಿವಿ, ದೂರ ಕೂತು ನೋಡುವವರಿಗೆ ಬ್ಲೂ-ರೇ ಧಾರಾಳ ಸಾಕು.

ಮ್ಯೂನಿಕ್ ಮಲ್ಲಿಗೆ
ಧನ್ಯವಾದ. ಲ್ಯಾಪ್‌ಟಾಪ್ ಡಿವಿಡಿ ಡ್ರೈವಿನ ರೀಜನ್ ಬದಲಿಸಿದರೆ?

ಡಬ್ಬಿ ದಾಸ್ತಾನು
ಹುಷಾರು. ಡ್ರೈವಿನಲ್ಲಿ ರೀಜನ್ ಬದಲಿಸಲು ಐದೇ ಅವಕಾಶ, ಐದನೆಯದು ಖಾಯಂ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದರೂ ಎಣಿಕೆ ಶೂನ್ಯಕ್ಕೆ ಬರಲ್ಲ, ಅದು ಡ್ರೈವಿನೊಳಗೇ ಬರೆದಿರುತ್ತೆ. ಒಂದು ಹಳೆ ಡ್ರೈವನ್ನು ಒಂದೇ ರೀಜನ್‌ಗೆ ಮೀಸಲಿಟ್ಟುಬಿಡಿ.

ಯುರೋಪಿನ ಹಳೆ ಪಾಲ್ (ಅಲ್ಲಿನ ಟಿವಿ ಪದ್ಧತಿ) ಡಿವಿಡಿ ಬಗ್ಗೆಯೂ ಒಂದು ಮಾತು. ಪಾಲ್‌ನಲ್ಲಿ ಸೆಕೆಂಡಿಗೆ 25 ಚೌಕಟ್ಟು. 24ರ ಚಿತ್ರವನ್ನು ವೇಗ ಏರಿಸಿ ಓಡಿಸುತ್ತಾರೆ, 96 ನಿಮಿಷ 92ಕ್ಕೆ ಇಳಿಯುತ್ತೆ. ಏನೂ ಕತ್ತರಿಸಿಲ್ಲ, ಗಾಬರಿ ಬೇಡ. ಆದರೆ ಸರಿಪಡಿಸದಿದ್ದರೆ ಸದ್ದು ಹೆಚ್ಚುಕಡಿಮೆ ಮುಕ್ಕಾಲು ಅರ್ಧಸ್ವರದಷ್ಟು ಮೇಲೇರುತ್ತೆ.

ಗುಡುಗುಪೆಟ್ಟಿಗೆ
ಗೊಜಿರಾನ ಕೂಗೇ ತೆಳ್ಳಗಾಗುತ್ತೆ! ಆ ಒಂದು ಕಾರಣಕ್ಕೇ ಪಾಲ್ ಬೇಡ ಅನ್ನುತ್ತೇನೆ.

ಬೆಳ್ಳಿಗುಬ್ಬಿ
ಅಮೆರಿಕನ್ ಆವೃತ್ತಿ ನೋಡಲೇಬೇಕಾ? 80 ನಿಮಿಷ ಅಷ್ಟೇ, ಬೇಗ ಮುಗಿಯುತ್ತೆ, ಅಮೆರಿಕನ್ ವರದಿಗಾರನಾಗಿ ರೇಮಂಡ್ ಬರ್ ಚೆನ್ನಾಗಿ ಮಾಡಿದ್ದಾರೆ. ಹೊಸಬರಿಗೆ ಅದೇ ಮೊದಲು ತೋರಿಸಿ ಅನ್ನೋದು ನನ್ನ ಅಭಿಪ್ರಾಯ. ಮೂಲದಲ್ಲಿ ಗೊಜಿರಾ ಮುಖ ಕಾಣಿಸೋಕೇ 20 ನಿಮಿಷ ದಾಟಬೇಕು.

ಕಪ್ಪುಬಿಳುಪು
ದಯವಿಟ್ಟು ಬೇಡ! ಮೊದಲು ಮೂಲ, ಆಮೇಲೆ ಬೇಕಾದರೆ ಅದು.

1956ರ ಆವೃತ್ತಿ ಸುಮಾರು 60 ನಿಮಿಷ ಜಪಾನಿ ಚಿತ್ರ, 20 ನಿಮಿಷ ಲಾಸ್ ಏಂಜಲಿಸ್‌ನಲ್ಲಿ ಹೊಸದಾಗಿ ತೆಗೆದದ್ದು. ಅಂದರೆ ಮೂಲದ 36 ನಿಮಿಷ ಹೋಯಿತು. ಹೋದದ್ದು ಯಾವುದು? ರೈಲಿನಲ್ಲಿ ಹೆಂಗಸೊಬ್ಬಳು ವಿಕಿರಣ ತಗುಲಿದ ಮೀನು, ವಿಕಿರಣದ ಮಳೆ, ಈಗ ಗೊಜಿರಾ ಅಂತ ಬೇಸರಪಡುತ್ತಾ, ನಾಗಸಾಕಿಯಿಂದ ಜೀವ ಉಳಿಸಿಕೊಂಡು ಬಂದದ್ದನ್ನು ಹೇಳುತ್ತಾಳಲ್ಲ, ಅದು ಹೋಯಿತು. ಗೊಜಿರಾ ಸುದ್ದಿ ಬಹಿರಂಗಪಡಿಸಬೇಕೋ ಮುಚ್ಚಿಡಬೇಕೋ ಅಂತ ಸಂಸತ್ತಿನ ಸಮಿತಿಯಲ್ಲಿ ನಡೆಯುವ ಜಗಳ ಹೋಯಿತು. ಕೊನೆಯಲ್ಲಿ ಯಮಾನೆ, ಪರಮಾಣು ಪರೀಕ್ಷೆಗಳು ಮುಂದುವರಿದರೆ ಇನ್ನೊಂದು ಗೊಜಿರಾ ಎಲ್ಲಾದರೂ ಎದ್ದೀತು ಅನ್ನುತ್ತಾರೆ. ಆ ಎಚ್ಚರಿಕೆಯ ಜಾಗದಲ್ಲಿ ಅಲ್ಲಿ ನೆಮ್ಮದಿಯ ಮುಕ್ತಾಯ.

1954ರ ಮಾರ್ಚ್ 1ರಂದು ಪೆಸಿಫಿಕ್‌ನ ಬಿಕಿನಿ ದ್ವೀಪಗಳಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ದಾಯಿಗೊ ಫುಕುರ್ಯೂ ಮಾರು ಅನ್ನುವ ಜಪಾನಿ ಮೀನುಗಾರಿಕೆ ದೋಣಿಯ 23 ಜನರ ಮೇಲೆ ವಿಕಿರಣದ ಬೂದಿ ಬಿತ್ತು. ದೋಣಿಯ ರೇಡಿಯೋ ಆಪರೇಟರ್ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ಕ್ಕೆ ತೀರಿಕೊಂಡರು. ಚಿತ್ರ ತೆರೆಕಂಡದ್ದು ನವೆಂಬರ್ 3ಕ್ಕೆ, ಆರು ವಾರವೂ ತುಂಬಿರಲಿಲ್ಲ. ಈಗ ಮೊದಲ ದೃಶ್ಯ ನೋಡಿ: ಐಕೊ ಮಾರು ಹಡಗು, ಸಮುದ್ರದಲ್ಲಿ ಕಣ್ಣು ಕುಕ್ಕುವ ಬೆಳಕು, ಉರಿಯುವ ಡೆಕ್ಕು, ಸಂದೇಶ ಬಡಿಯುತ್ತಿರುವ ರೇಡಿಯೋ ಆಪರೇಟರ್. ಆ ಪ್ರೇಕ್ಷಕರಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಆ 20 ನಿಮಿಷ ಕಾಯುವಿಕೆ ಅಲ್ಲ, ಚಿತ್ರದ ತಿರುಳೇ ಅದು.

ಬೆಳ್ಳಿಗುಬ್ಬಿ
ತಿರುಳು ಒಪ್ಪುತ್ತೇನೆ. ಆದರೆ ಆ ಅಮೆರಿಕನ್ ಆವೃತ್ತಿ ಇಲ್ಲದಿದ್ದರೆ ಜಪಾನಿನ ಹೊರಗೆ ಗೊಜಿರಾ ಹೆಸರು ಯಾರಿಗೆ ಗೊತ್ತಾಗುತ್ತಿತ್ತು? ಅಮೆರಿಕದಲ್ಲಿ ಮೂಲ ಚಿತ್ರ ಚಿತ್ರಮಂದಿರಗಳಿಗೆ ವ್ಯಾಪಕವಾಗಿ ಬಂದದ್ದು 2004ರಲ್ಲಿ. ಐವತ್ತು ವರ್ಷ ಜನ ನೋಡಿದ್ದು ಬರ್ ಇರುವುದನ್ನೇ. 1957ರಲ್ಲಿ ಅದನ್ನು ಜಪಾನಿಗೂ ತಂದು ತೋರಿಸಿದರು. ಆ ಚಿತ್ರದಲ್ಲಿ ಒಂದು ಒಳ್ಳೆಯ ಕೆಲಸ ಇದೆ: ಜಪಾನಿಯರ ಬಹಳಷ್ಟು ಮಾತನ್ನು ಡಬ್ ಮಾಡದೆ ಹಾಗೇ ಬಿಟ್ಟಿದ್ದಾರೆ, ಪಕ್ಕದಲ್ಲಿದ್ದವನು ಬರ್‌ಗೆ ಅರ್ಥ ಹೇಳುತ್ತಾನೆ. ಆ ಕಾಲಕ್ಕೆ ಅದು ಗೌರವದ ಕೆಲಸವೇ.

ಕಪ್ಪುಬಿಳುಪು
ಇತಿಹಾಸದ ದಾಖಲೆಯಾಗಿ ನೋಡಿ, ಬೇಡ ಅನ್ನಲ್ಲ. ಮೊದಲ ನೋಟಕ್ಕೆ ಮಾತ್ರ ಮೂಲವೇ ಇರಲಿ.

ಸಿಗ್ನಲ್ ಸಿದ್ದ
ಬರ್ ಆವೃತ್ತಿ ನೋಡುವವರಿಗೆ ಒಂದು ಸೂಚನೆ: ಹೊಸ ದೃಶ್ಯ ಮತ್ತು ಜಪಾನಿ ದೃಶ್ಯಗಳ ನಡುವೆ ಕಾಂಟ್ರಾಸ್ಟ್ ಜಿಗಿಯುತ್ತೆ, ಜಪಾನಿ ಭಾಗ ನಕಲಿನ ನಕಲು. ಅದಕ್ಕಾಗಿ ಟಿವಿ ಸೆಟ್ಟಿಂಗ್ ಮುಟ್ಟಬೇಡಿ.

ಟೋಕಿಯೋ ತಿಮ್ಮಪ್ಪ
ಬೂದಿ ಬಿದ್ದ ಆ ದಾಯಿಗೊ ಫುಕುರ್ಯೂ ಮಾರು ದೋಣಿ ಈಗಲೂ ಇದೆ. ಟೋಕಿಯೋದ ಯುಮೆನೊಶಿಮಾ ಉದ್ಯಾನದಲ್ಲಿ 1976ರಲ್ಲಿ ತೆರೆದ ಪ್ರದರ್ಶನ ಭವನದೊಳಗೆ ಇಡೀ ಮರದ ದೋಣಿಯನ್ನೇ ಇಟ್ಟಿದ್ದಾರೆ. ಶಿನ್-ಕಿಬಾ ನಿಲ್ದಾಣದಿಂದ ನಡೆದು ಹೋಗಬಹುದು.

ಚಿತ್ರದಲ್ಲಿ ಕಾಣುವ ಜಾಗಗಳಲ್ಲಿ ಗಿಂಜಾ ವಾಕೊ ಕಟ್ಟಡದ ಗಡಿಯಾರ ಗೋಪುರ 1932ರದ್ದು, ಹಾಗೇ ಇದೆ. ಸಂಸತ್ ಭವನ ಇದ್ದೇ ಇದೆ. ಸುಮಿದಾ ನದಿಯ ಕಚಿದೊಕಿ ಸೇತುವೆಯೂ ಇದೆ, ಆದರೆ ಹಡಗಿಗೆ ದಾರಿ ಬಿಡಲು ಎತ್ತುವುದನ್ನು 1970ರ ನಂತರ ನಿಲ್ಲಿಸಿದ್ದಾರೆ. ನಿಚಿಗೆಕಿ ಥಿಯೇಟರ್ 1981ರಲ್ಲಿ ಕೆಡವಿದರು. ಗಿಂಜಾದ ಮತ್ಸುಜಕಾಯಾ ಮಳಿಗೆ 2013ರಲ್ಲಿ ಮುಚ್ಚಿತು, ಆ ಜಾಗದಲ್ಲಿ ಈಗ ಗಿಂಜಾ ಸಿಕ್ಸ್.

ಬಿಳಿಗೆರೆ
ಮತ್ಸುಜಕಾಯಾ ಅಂದರೆ ತಾಯಿಯೊಬ್ಬಳು ಮಕ್ಕಳನ್ನು ಅಪ್ಪಿಕೊಂಡು, ಇನ್ನೇನು ಅಪ್ಪನ ಹತ್ತಿರ ಹೋಗ್ತೀವಿ ಅಂತ ಹೇಳುವ ಕಡೆಯದ್ದಾ?

ಟೋಕಿಯೋ ತಿಮ್ಮಪ್ಪ
ಹೌದು, ಅಲ್ಲೇ. ಯುದ್ಧ ಮುಗಿದು ಒಂಬತ್ತು ವರ್ಷ. ಅಪ್ಪ ಎಲ್ಲಿ ಹೋದ ಅಂತ ಚಿತ್ರ ಹೇಳಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಕರಾವಳಿ ಕಣ್ಣು
ಜಾಗ ಹೇಳುವಾಗ ವಿದ್ಯುತ್ ಗೋಪುರಗಳನ್ನೂ ಸೇರಿಸಿ. 50,000 ವೋಲ್ಟಿನ ತಂತಿ ಬೇಲಿ ಕಟ್ಟುತ್ತಾರಲ್ಲ, ಗೊಜಿರಾನ ಉಸಿರಿಗೆ ಆ ಗೋಪುರ ಬಾಗಿ ಕರಗುತ್ತವೆ. ಅವು ಮೇಣದವು, ದೊಡ್ಡ ದೀಪಗಳ ಶಾಖದಲ್ಲಿ ನಿಜವಾಗಿಯೂ ಕರಗಿದ್ದು. ಬ್ಲೂ-ರೇಯಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿ, ತುದಿ ಮೊದಲು ಮೃದುವಾಗಿ ಆಮೇಲೆ ಅಡ್ಡಪಟ್ಟಿಗಳು ಸೋರುತ್ತವೆ.

ಬೆಳ್ಳಿಗುಬ್ಬಿ
ಮುಂದಿನ ಚಿತ್ರಗಳಿಗೂ ಇದೇ ಸೆಟ್ಟಿಂಗ್ ಸಾಕಾ?

ಡಬ್ಬಿ ದಾಸ್ತಾನು
ಪಕ್ಕದ ಪಟ್ಟಿ ಮೊದಲ ಎರಡು ಗೊಜಿರಾ ಚಿತ್ರಗಳಿಗೆ ಮಾತ್ರ. 1955ರ ಎರಡನೆಯದು ಕೂಡ ಕಪ್ಪು-ಬಿಳುಪು, ಅದೇ ಅಳತೆ, ನಿರ್ದೇಶನ ಮೊತೊಯೊಶಿ ಓದಾ. ಅದರ ಕಾದಾಟ ತೀರಾ ಚುರುಕಾಗಿ ಕಂಡರೆ ಟಿವಿಯನ್ನು ದೂರಬೇಡಿ, ತೆಗೆದದ್ದೇ ಹಾಗೆ. ಕರಾವಳಿಯವರು ಹೇಳಿದ ವೇಗದ ಲೆಕ್ಕ ತಪ್ಪಿದರೆ ಏನಾಗುತ್ತೆ ಅಂತ ಅಲ್ಲಿ ಕಣ್ಣಾರೆ ನೋಡಬಹುದು. 1962ರ ಕಿಂಗ್ ಕಾಂಗ್ ಜೊತೆಗಿನ ಚಿತ್ರದಿಂದ ಬಣ್ಣ, ಅಗಲ ಪರದೆ. ಆಗ ಪಟ್ಟಿ ಮೇಲೆ ಕೆಳಗೆ ಬರುತ್ತೆ.

ಅಕ್ಷರಮಾಲೆ
ಬೇರೆ ವಿಷಯ. ಮನೆಯಲ್ಲಿ ಹಿರಿಯರಿಗೆ ತೋರಿಸಲು ಕನ್ನಡ ಸಬ್‌ಟೈಟಲ್ ಬರೆಯುವ ಯೋಚನೆ ಇದೆ. ಡಿವಿಡಿಯನ್ನು ವಿಎಲ್‌ಸಿ ಪ್ಲೇಯರಿನಲ್ಲಿ ಓಡಿಸಿ ಎಸ್‌ಆರ್‌ಟಿ (ಸಬ್‌ಟೈಟಲ್) ಫೈಲ್ ಸೇರಿಸಿದರೆ ಅಕ್ಷರಗಳ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತಿದೆ. ಸಮಯವೂ ಹೋಗ್ತಾ ಹೋಗ್ತಾ ತಪ್ಪುತ್ತಿದೆ.

ಸಿಗ್ನಲ್ ಸಿದ್ದ
ನುಡಿ ಅಥವಾ ಬರಹದ ಹಳೆ ಆಸ್ಕಿ ವಿಧಾನದಲ್ಲಿ ಟೈಪ್ ಮಾಡಿದ್ದೀರಿ. ಅದರೊಳಗಿರುವುದು ನಿಜಕ್ಕೂ ಇಂಗ್ಲಿಷ್ ಸಂಕೇತಗಳೇ, ಆ ಫಾಂಟ್ ಇದ್ದಾಗ ಮಾತ್ರ ಕನ್ನಡದಂತೆ ಕಾಣುತ್ತವೆ. ಯೂನಿಕೋಡ್‌ಗೆ ಪರಿವರ್ತಿಸಿ, ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಆರಿಸಿ. ಆನ್ಸಿಯಲ್ಲಿ ಉಳಿಸಿದರೆ ಎಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತೆ. ಪ್ಲೇಯರಿನ ಸಬ್‌ಟೈಟಲ್ ಫಾಂಟ್ ನೋಟೋ ಸಾನ್ಸ್ ಕನ್ನಡ ಇಡಿ.

ಸಮಯ ಮೊದಲಿಂದಲೇ ಒಂದೇ ಅಂತರದಲ್ಲಿ ತಪ್ಪಿದ್ದರೆ ವಿಎಲ್‌ಸಿಯಲ್ಲಿ ಜಿ, ಎಚ್ ಕೀಲಿ ಒತ್ತಿ ಹಿಂದೆ ಮುಂದೆ ಮಾಡಬಹುದು. ಹೋಗ್ತಾ ಹೋಗ್ತಾ ಹೆಚ್ಚುತ್ತಿದ್ದರೆ ಚೌಕಟ್ಟಿನ ವೇಗ ಬೇರೆ. 23.976ಕ್ಕೆ ಬರೆದದ್ದನ್ನು 25ರ ಪಾಲ್ ಡಿವಿಡಿಗೆ ಹಾಕಿದರೆ ಕೊನೆಗೆ ಬರುವಷ್ಟರಲ್ಲಿ ಸುಮಾರು 3 ನಿಮಿಷ 56 ಸೆಕೆಂಡ್ ವ್ಯತ್ಯಾಸ. 'ಸಬ್‌ಟೈಟಲ್ ಎಡಿಟ್' ತಂತ್ರಾಂಶದಲ್ಲಿ ಫ್ರೇಮ್ ರೇಟ್ ಬದಲಿಸುವ ಆಯ್ಕೆ ಇದೆ, ಅಲ್ಲಿ 23.976ರಿಂದ 25 ಅಂತ ಕೊಡಿ, ಎಲ್ಲ ಸಾಲೂ ಒಟ್ಟಿಗೆ ಸರಿಯಾಗುತ್ತೆ. ಕೊನೆಗೆ ಐದಾರು ಸೆಕೆಂಡ್ ಮಾತ್ರ ತಪ್ಪುತ್ತಿದ್ದರೆ ಅದು 24 ಮತ್ತು 23.976ರ ನಡುವಿನ ವ್ಯತ್ಯಾಸ.

ಅಕ್ಷರಮಾಲೆ
ಪರಿವರ್ತನೆ ಆಯ್ತು, ಅಕ್ಷರ ಬಂದವು! ಸಮಯದ್ದು ಪಾಲ್ ತೊಂದರೆಯೇ. ಪೆನ್‌ಡ್ರೈವಿನಲ್ಲಿ ಫೈಲ್ ಹಾಕಿ ಟಿವಿಯಲ್ಲೇ ಪರೀಕ್ಷಿಸಿದರೆ ಮಾತ್ರ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಬರುತ್ತಿವೆ.

ಸಿಗ್ನಲ್ ಸಿದ್ದ
ಟಿವಿಯ ಸ್ವಂತ ಪ್ಲೇಯರ್‌ಗೆ ಕನ್ನಡ ಜೋಡಿಸಲು ಬರದಿದ್ದರೆ ಫೈಲಿನಲ್ಲಿ ಏನು ಮಾಡಿದರೂ ಸರಿಹೋಗಲ್ಲ. ಲ್ಯಾಪ್‌ಟಾಪ್‌ನಿಂದ ಎಚ್‌ಡಿಎಂಐ ಕೇಬಲ್ ಹಾಕಿ ಓಡಿಸಿ. ಆಗ ಮೇಲೆ ಹೇಳಿದ ಲಿಮಿಟೆಡ್, ಫುಲ್ ರೇಂಜ್ ಮತ್ತೊಮ್ಮೆ ನೋಡಿಕೊಳ್ಳಿ, ಲ್ಯಾಪ್‌ಟಾಪ್ ಸಾಮಾನ್ಯವಾಗಿ ಫುಲ್ ಕಳಿಸುತ್ತೆ.

ಗದಗಿನ ಗ್ರೇನ್
ಎರಡು ಸಾಲಿಗಿಂತ ಹೆಚ್ಚು ಬರಿಬ್ಯಾಡ್ರಿ, ಹಿರಿಯರಿಗೆ ಓದಾಕ ಆಗಂಗಿಲ್ಲ. ಒಂದು ಸಾಲು ಒಂದು ಸೆಕೆಂಡಾದರೂ ನಿಲ್ಲಲಿ. ಬಣ್ಣ ಅಚ್ಚ ಬಿಳಿ ಬ್ಯಾಡ, ತಿಳಿ ಬೂದಿ ಇಡ್ರಿ. ಲೋಕಲ್ ಡಿಮ್ಮಿಂಗ್ (ಪರದೆಯ ಒಂದೊಂದು ಭಾಗದ ಬೆಳಕು ಬೇರೆ ಬೇರೆ ಏರಿಳಿಯೋದು) ಇರೋ ಟಿವಿಯೊಳಗ ರಾತ್ರಿ ದೃಶ್ಯದಾಗ ಅಚ್ಚ ಬಿಳಿ ಅಕ್ಷರದ ಸುತ್ತ ಬೆಳಕು ಹರಡಿ ಗೊಜಿರಾನ ಕಾಲೆಲ್ಲ ಬೂದಿ ಆಗ್ತದ. ಡಿಮ್ಮಿಂಗ್ 'ಲೋ' ಇಟ್ಟರ ಇನ್ನೂ ಚಲೋ.

ಶಾಲೆ ಹುಡುಗಿಯರು ಶಾಂತಿ ಪ್ರಾರ್ಥನೆ ಹಾಡೋ ಕಡೆ ಅಕ್ಷರ ಸಾಧ್ಯವಾದಷ್ಟು ಕಡಿಮೆ ಇರಲಿ. ಆ ಹಾಡು ಟಿವಿಯಾಗ ನೋಡೇ, ತನ್ನ ಅಸ್ತ್ರ ಬಳಸಾಕ ಒಲ್ಲೆ ಅಂದಿದ್ದ ಸೆರಿಜಾವಾ ಮನಸ್ಸು ಬದಲಿಸ್ತಾನ, ಆ ಪಾತ್ರ ಮಾಡಿದ ಅಕಿಹಿಕೊ ಹಿರಾತಾನ ಮುಖ ನೋಡಾಕ ಬಿಡ್ರಿ.

ಹಳೇರೀಲು
ಸ್ಮೂತಿಂಗ್, ನಾಯ್ಸ್ ರಿಡಕ್ಷನ್, ಡೈನಾಮಿಕ್ ಕಾಂಟ್ರಾಸ್ಟ್ ಎಲ್ಲ ಆಫ್, ವಾರ್ಮ್ 2, 24ಪಿ ಆನ್. ಸ್ಟೀರಿಯೋ ಮೋಡ್‌ನಲ್ಲಿ ಹೆಜ್ಜೆ ಸದ್ದು ನೆಲ ನಡುಗಿಸ್ತಿದೆ. ರಂಗ ಅವರ ಗೀರಿನ ಪರೀಕ್ಷೆ ನಿಚಿಗೆಕಿ ಭಾಗದಲ್ಲಿ ಮಾಡಿ ನೋಡುತ್ತೇನೆ. 4ಕೆ ಸದ್ಯಕ್ಕೆ ಬೇಡ, ಟಿವಿ 43 ಇಂಚು.

ರಿಪೇರಿ ರಂಗ
ನಿಚಿಗೆಕಿಗಿಂತ ಜನ ಓಡುವ ಓಡೋ ಗುಡ್ಡದ ಚಿತ್ರಿಕೆ ತಗೊಳ್ಳಿ. ಹಗಲು ಬೆಳಕು, ಎರಡು ಅಂಶದ ಗಡಿ ಗುಡ್ಡದ ಅಂಚಿನಲ್ಲೇ ಸ್ಪಷ್ಟವಾಗಿ ಸಿಗುತ್ತೆ.